ಹದಿನೈದೋ ಹದಿನೇಳೋ

ಕಾರು ಕೊಳ್ಳುವವರು ಸಾಮಾನ್ಯವಾಗಿ ಕಾರನ್ನು ಕಣ್ಣು ಬಿಟ್ಟು ನೋಡುತ್ತಾರೆ. ನಮ್ಮ ಸೋದರಮಾವ ಕಣ್ಣು ಮುಚ್ಚಿಕೊಳ್ಳುತ್ತಾರೆ! ಮಾರುವವನು ಬಣ್ಣ, ಚಕ್ರ, ಚರ್ಮದ ಸೀಟು ಎಂದು ಒಂದೊಂದಾಗಿ ವರ್ಣಿಸುತ್ತಿದ್ದರೆ ಇವರು ಒಳಗೆ ಕೂತು, ತಲೆಯನ್ನು ಹಿಂದಕ್ಕೆ ಒರಗಿಸಿ, ಮಂಗಳಾರತಿಯ ಹೊತ್ತಿನ ಮುಖ ಮಾಡಿಕೊಂಡು ಸುಮ್ಮನಿದ್ದುಬಿಡುತ್ತಾರೆ. ಮೊದಲ ಸಲ ಇದನ್ನು ಕಂಡ ಒಬ್ಬ ವ್ಯಾಪಾರಿ ಗಾಬರಿಯಾಗಿ ನನ್ನನ್ನು ಪಕ್ಕಕ್ಕೆ ಕರೆದ. "ಮೇಡಂ, ಸಾರ್‌ಗೆ ಶುಗರ್ ಏನಾದ್ರೂ ಇದ್ಯಾ? ನೀರು ತರ್ಸ್ಲಾ?"

ಶುಗರ್ ಇಲ್ಲ. ಮಾವನಿಗಿರುವುದು ಕಿವಿಯ ತೊಂದರೆ. ಪೇಟೆಯಲ್ಲಿ ಅವರದು ತಾಮ್ರ, ಹಿತ್ತಾಳೆ ಪಾತ್ರೆಗಳ ಅಂಗಡಿ. ಹಿಂದಿನ ಕೋಣೆಯಲ್ಲಿ ಹಂಡೆ ಬಡಿಯುವ ಸದ್ದಿನಲ್ಲೇ ನಲವತ್ತು ವರ್ಷ ಕಳೆದವರು. ಕಳೆದ ವರ್ಷ ಬಸವನಗುಡಿಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ನರ ಸವೆದಿದೆ, ಮೆಷಿನ್ ಹಾಕಿಕೊಂಡರೂ ಕೇಳಿಸುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಲೇ ಹೋಗುತ್ತದೆ ಎಂದರು. ಬೇರೆಯವರಾಗಿದ್ದರೆ ಇನ್ನೊಬ್ಬ ಡಾಕ್ಟರನ್ನು ಹುಡುಕುತ್ತಿದ್ದರು. ಮಾವ ಚಾಮರಾಜಪೇಟೆಯ ಮನೆಗೆ ಬಂದು, ವಿಭೂತಿ ಹಚ್ಚಿಕೊಂಡು, ಊಟಕ್ಕೆ ಕೂತು, ಅನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳಿದರಂತೆ: "ನಾನೊಂದು ಸ್ಪೋರ್ಟ್ಸ್ ಕಾರ್ ತಗೋತೀನಿ. ಕಿವಿ ಪೂರ್ತಿ ಹೋಗೋದ್ರೊಳಗೆ ಒಂದು ಒಳ್ಳೇ ಎಂಜಿನ್ ಸದ್ದು ಕೇಳ್ಕೊಂಡ್ಬಿಡ್ಬೇಕು."

ಅತ್ತೆ ಚಮಚ ಹಿಡಿದೇ ನಿಂತರು. "ಇಷ್ಟು ವರ್ಷ ಕೇಳಿದ ಸದ್ದು ಸಾಲ್ಲಿಲ್ವಾ?" ಎಂದರು. ಮಾವನಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಲಿಲ್ಲವೆಂದು ತೋರಿಸಿಕೊಂಡರು. ಇವೆರಡರ ವ್ಯತ್ಯಾಸ ಈಚೀಚೆಗೆ ಅತ್ತೆಗೂ ತಿಳಿಯುತ್ತಿರಲಿಲ್ಲ.

ಹೊಸ ಕಾರಿನ ಮಾತು ಬಿಡಿ, ಅದು ನಮ್ಮ ವಂಶಕ್ಕೇ ನಿಲುಕದ್ದು. ಸೆಕೆಂಡ್ ಹ್ಯಾಂಡಿನಲ್ಲಿ, ಎರಡೇ ಬಾಗಿಲು, ಎರಡೇ ಸೀಟಿನ ಒಂದು ವಿದೇಶಿ ಕಾರನ್ನು ಮಾವ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದರು. ತೊಡಕು ಬಂದದ್ದು ವರ್ಷದ ವಿಷಯದಲ್ಲಿ. ಹದಿನೈದರ ಮಾಡೆಲ್ ಕೊಳ್ಳಬೇಕೋ, ಹದಿನೇಳರದೋ? ಈ ಎರಡರ ನಡುವೆ ಕಂಪನಿಯವರು ಎಂಜಿನ್ನನ್ನೇ ಬದಲಾಯಿಸಿದ್ದರು. ಇಂಥ ಕಾರುಗಳಲ್ಲಿ ಕೈ ಪಳಗಿದ ಶ್ರೀರಾಂಪುರದ ಮೆಕ್ಯಾನಿಕ್ ಒಬ್ಬರು ನಮಗೆ ಇದನ್ನು ಚುಟುಕಾಗಿ ತಿಳಿಸಿದರು. "ಹದಿನೈದು ಹಾಡತ್ತೆ ಸಾರ್. ಹದಿನೇಳು ಬರೀ ಓಡತ್ತೆ." ಹೊಸದರಲ್ಲಿ ಎಂಜಿನ್ ಚಿಕ್ಕದು, ವೇಗ ಜಾಸ್ತಿ, ಸದ್ದು ಕಡಿಮೆ, ಕೆಡುವುದೂ ಕಡಿಮೆ, ಬುದ್ಧಿ ಇರುವವರು ಹದಿನೇಳು ತಗೊಳ್ಳುತ್ತಾರೆ ಎಂದೂ ಸೇರಿಸಿದರು. ಮಾವ ನನ್ನ ಕಡೆ ತಿರುಗಿ, "ಹಾಗಾದ್ರೆ ನಮಗೆ ಹದಿನೈದೇ ಸರಿ" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಲವತ್ತು ವರ್ಷ ವ್ಯಾಪಾರ ಮಾಡಿದ ಜೀವ, ಹತ್ತು ಕಡೆ ತಟ್ಟಿ ನೋಡದೆ ಒಂದು ಚೊಂಬನ್ನೂ ಕೊಂಡವರಲ್ಲ. ಇದರಲ್ಲಿ ನಾನು ಹೇಗೆ ಸಿಕ್ಕಿಕೊಂಡೆ ಎನ್ನುತ್ತೀರಾ? ಹಿಂದೊಮ್ಮೆ ಗವಿಪುರಂನ ನಡುರಸ್ತೆಯಲ್ಲಿ ನನ್ನ ಹಳೇ ಕಾರಿನ ಪಂಕ್ಚರ್ ಚಕ್ರ ಬಿಚ್ಚಿ ನಾನೇ ಸ್ಟೆಪ್ನಿ ಹಾಕಿದ್ದೆ. ಅಂದಿನಿಂದ ನಮ್ಮ ಮನೆತನದಲ್ಲಿ ನಾನು ವಾಹನತಜ್ಞೆ. ಆ ಬಿರುದಿಗೆ ದಂಡವಾಗಿ ಆರು ತಿಂಗಳ ಭಾನುವಾರಗಳನ್ನು ತೆತ್ತೆ.

ಮಾವ ಪ್ರತಿ ಕಾರಿಗೂ ಒಂದು ಪ್ರದಕ್ಷಿಣೆ ಹಾಕಿ, ಬೆರಳ ಗೆಣ್ಣಿನಿಂದ ತಟ್ಟುತ್ತಾ, ಸ್ವಲ್ಪ ವಾಸಿ ಎನ್ನಿಸುವ ಬಲಗಿವಿಯನ್ನು ತಗಡಿಗೆ ಹತ್ತಿಸಿ ಕೇಳುತ್ತಿದ್ದರು. ಸಂಪಿಗೆ ರಸ್ತೆಯ ಹಿಂಬದಿಯ ಒಂದು ಕಡೆ ಹೀಗೇ ತಟ್ಟುತ್ತಾ ಎಡಬಾಗಿಲಿನ ಹತ್ತಿರ ನಿಂತುಬಿಟ್ಟರು.

"ಇದಕ್ಕೆ ಕಲಾಯಿ ಹಾಕ್ಸಿದೀರಿ."

"ಕಾರಿಗೆ ಕಲಾಯಿನಾ ಸಾರ್?" ಎಂದು ಮಾರುವವ ನಕ್ಕ.

ಮಾವ ಇನ್ನೊಮ್ಮೆ ತಟ್ಟಿದರು. ಆತನ ನಗು ನಿಂತಿತು. "ಸ್ವಲ್ಪ ಉಜ್ಜಿತ್ತು ಸಾರ್. ಪುಟ್ಟಿ ತುಂಬಿ ಪೇಂಟ್ ಮಾಡ್ಸಿದೀವಿ" ಎಂದು ಒಪ್ಪಿಕೊಂಡ. ಕಿವಿ ಹೋಗುತ್ತಿರುವ ಕಾಲದಲ್ಲೇ ಇಷ್ಟಾದರೆ, ನೆಟ್ಟಗಿದ್ದ ಕಾಲದಲ್ಲಿ ಇವರಿಗೆ ಪಾತ್ರೆ ಮಾರಿದವರು ಹೇಗೆ ಬದುಕಿದರೋ!

ಒಂದು ವಾರ ಪಂಚಾಂಗವೂ ಹೊರಗೆ ಬಂತು. ಹದಿನೈದು ಎಂದರೆ ಮನ್ಮಥ ಸಂವತ್ಸರ ಎಂದು ಮಾವ ಹಿಗ್ಗಿ ಹೇಳಿದರು. ಅತ್ತೆ ಬೀನ್ಸಿನ ನಾರು ಬಿಡಿಸುತ್ತಿದ್ದವರು ತಲೆ ಎತ್ತದೆ ಕೇಳಿದರು: "ಅದ್ರಲ್ಲಿ ಕೂತೋರು ಮನ್ಮಥ ಆಗ್ತಾರೆ ಅಂತ ಎಲ್ಲಾದ್ರೂ ಬರ್ದಿದ್ಯಾ, ಸರಿಯಾಗಿ ನೋಡಿ." ಮಾವ ಪಂಚಾಂಗ ಮಡಚಿಟ್ಟರು. ಇದು ಕೇಳಿಸಿತ್ತು ಅನ್ನಿಸುತ್ತದೆ.

ಮತ್ತೊಂದು ದಿನ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೆಲಸದಲ್ಲಿದ್ದಾಗ ಫೋನಿಗೆ ಎರಡು ರೆಕಾರ್ಡಿಂಗ್ ಬಂದವು. ಒಂದು ಹದಿನೈದು, ಒಂದು ಹದಿನೇಳು, ಯಾವುದು ಚೆನ್ನಾಗಿದೆ ಹೇಳು ಎಂಬ ಅಪ್ಪಣೆ ಜೊತೆಗೆ. ಊಟದ ಬಿಡುವಿನಲ್ಲಿ ಎರಡನ್ನೂ ಶ್ರದ್ಧೆಯಿಂದ ಕೇಳಿ, ಫೋನ್ ಮಾಡಿ, "ಎರಡನೇದು ಮಾವ. ಅದ್ರಲ್ಲಿ ಒಂದು ಗಾಂಭೀರ್ಯ ಇದೆ" ಎಂದೆ.

ಮಾವ ಹೇಳಿದರು: "ಎರಡನೇದು ನಿಮ್ಮತ್ತೆ ಮಿಕ್ಸಿ. ತಪ್ಪಿ ಬಂದಿದೆ."

ಕೊನೆಗೆ ಮಲ್ಲೇಶ್ವರದ ಒಬ್ಬ ವ್ಯಾಪಾರಿಯ ಬಳಿ ಎರಡೂ ವರ್ಷದವು ಒಟ್ಟಿಗೆ ಸಿಕ್ಕವು. ಹದಿನೈದು ಕೆಂಪು, ಹದಿನೇಳು ಬೂದು. ಒಂದು ಭಾನುವಾರ ಬೆಳಗ್ಗೆ ಕೆಂಪು ಕಾರಿನ ಬೀಗದ ಕೈಯನ್ನು ಮಾವ ನನ್ನ ಕೈಗೆ ಕೊಟ್ಟು, "ನೀನು ಓಡ್ಸು, ನಾನು ಕೇಳ್ತೀನಿ" ಎಂದು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡರು. ಸಂಪಿಗೆ ರಸ್ತೆಯಲ್ಲಿ ಆ ಮಹಾ ವೇಗದ ಯಂತ್ರವನ್ನು, ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದು ನಡೆದುಹೋಗುತ್ತಿದ್ದ ಒಬ್ಬ ಅಜ್ಜಿ ಎರಡು ಸಲ ಹಿಂದೆ ಹಾಕಿದರು.

ಯಶವಂತಪುರ ದಾಟಿ ತುಮಕೂರು ರಸ್ತೆಗೆ ಬಿದ್ದಮೇಲೆ ದಾರಿ ಸ್ವಲ್ಪ ತೆರವಾಯಿತು. ನಾನು ಕಾಲು ಒತ್ತಿದೆ. ಬೆನ್ನ ಹಿಂದೆ ಎಲ್ಲೋ ಆಳದಿಂದ ಒಂದು ದನಿ ಎದ್ದು, ಏರಿ, ಕಾರಿನೊಳಗೆಲ್ಲ ತುಂಬಿಕೊಂಡಿತು. ಮಾವನ ಮುಖ ಮೆತ್ತಗಾಯಿತು. "ದೊಡ್ಡ ಹಂಡೆ ತಟ್ಟಿದ್ಮೇಲೆ ಗುಂಯ್ ಅಂತ ಒಂದು ಸದ್ದು ಉಳ್ಕೊಳತ್ತಲ್ಲ, ಅದೇ ಇದು" ಎಂದರು. ಆಮೇಲೆ ನಿದ್ದೆಗಣ್ಣಿನಲ್ಲಿ ಮಾತಾಡುವವರ ಹಾಗೆ ಒಂದೊಂದೇ ಹೇಳತೊಡಗಿದರು. ದಾರಿಯ ಎರಡೂ ಕಡೆ ಹೊಂಗೆ ಮರಗಳಿವೆಯಂತೆ. ಹೊಸ ಚಿಗುರಿನ ಮೇಲೆ ಬಿಸಿಲು ಬಿದ್ದಿದೆಯಂತೆ. ದೂರದಲ್ಲಿ ಶಿವಗಂಗೆ ಬೆಟ್ಟ ಕಾಣುತ್ತಿದೆಯಂತೆ, ತಲೆಯ ಮೇಲೆ ಒಂದೇ ಒಂದು ಮೋಡ. ನಮ್ಮ ಮುಂದೆ ಇದ್ದದ್ದು ಸಿಮೆಂಟ್ ಲಾರಿ. ಆದರೂ ಆ ಸದ್ದಿನೊಳಗೆ ಕೂತು ಮಾವನ ಮಾತು ಕೇಳುತ್ತಾ ನನಗೂ ಗಾಜಿನ ಮೇಲೆ ಹೊಂಗೆಯ ನೆರಳು ಸರಿದುಹೋದಂತಾಯಿತು. ಹಾಗೇ ಹೋಗುತ್ತಲೇ ಇರೋಣ ಅನ್ನಿಸಿತು. ಟೋಲ್ ಬಂತು, ತಿರುಗಿಸಿಕೊಂಡು ಬಂದೆವು.

ಹದಿನೈದೇ ಎಂದು ತೀರ್ಮಾನವಾಯಿತು. ಮುಂದಿನ ಭಾನುವಾರ ಮುಂಗಡ ಕೊಡಲು ಹೊರಟಾಗ ಅತ್ತೆಯೂ ಸೀರೆ ಬದಲಾಯಿಸಿಕೊಂಡು ಬಂದರು. "ಎರಡೇ ಸೀಟು ಅಂದ್ರೆ ಇನ್ನೊಂದು ನಂದೇ ತಾನೆ? ಕೂತು ನೋಡ್ತೀನಿ" ಎಂದರು. ಅಷ್ಟು ತಗ್ಗಿದ ಸೀಟಿಗೆ ಇಳಿಯಲು ಅವರಿಗೆ ಮೂರು ಪ್ರಯತ್ನ ಬೇಕಾಯಿತು. ಈ ಸಲ ಮಾವನೇ ಓಡಿಸಿದರು. ನಾನು ವ್ಯಾಪಾರಿ ಕೊಟ್ಟ ಕಾಫಿ ಕುಡಿಯುತ್ತಾ ಕೂತೆ.

ಅರ್ಧ ಗಂಟೆಗೆ ಮರಳಿ ಬಂದರು. ಮಾವನ ಮುಖ ಬಾಡಿತ್ತು. ಎಲ್ಲೋ ಉಜ್ಜಿಕೊಂಡು ಬಂದಿದ್ದಾರೆ ಎಂದು ನಾನೇ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದೆ. ಏನೂ ಆಗಿರಲಿಲ್ಲ. ಅವರು ಬೂದು ಕಾರಿನ ಕೀ ಕೇಳಿ ಇಸಿದುಕೊಂಡು, ಅತ್ತೆಯನ್ನು ಅದರಲ್ಲಿ ಕೂರಿಸಿಕೊಂಡು ಮತ್ತೆ ಹೋದರು. ಗಂಟೆಯಾದರೂ ಸುಳಿವಿಲ್ಲ. ವ್ಯಾಪಾರಿ ಗೇಟಿಗೂ ಕುರ್ಚಿಗೂ ಓಡಾಡತೊಡಗಿದ. ಕೊನೆಗೆ ಬಂದರು. ಅತ್ತೆ ಇಳಿದು ಎದುರಿನ ಅಂಗಡಿಗೆ ವೀಳ್ಯದೆಲೆ ತರಲು ಹೋದರು.

"ಹದಿನೇಳು ತಗೋತೀನಿ" ಎಂದರು ಮಾವ.

ನನಗೆ ರೇಗಿಹೋಯಿತು. "ಮಾವ, ಆರು ತಿಂಗಳು ಹದಿನೈದು ಹದಿನೈದು ಅಂತ ನನ್ನ ತಲೆ ತಿಂದಿದೀರಿ. ಇದ್ರಲ್ಲಿ ಸದ್ದೇ ಇಲ್ಲ. ನಿಮಗೆ ಬೇಕಿದ್ದಿದ್ದು ಸದ್ದು ಒಂದೇ ಅಲ್ವಾ?"

ಮಾವ ಬೂದು ಕಾರಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ತಟ್ಟಲಿಲ್ಲ. "ಡಾಕ್ಟ್ರು ಅವತ್ತು ಇನ್ನೊಂದು ಮಾತು ಹೇಳಿದ್ರು ಕಣೇ, ನಾನೇ ಮನಸ್ಸಿಟ್ಟು ಕೇಳಿರ್ಲಿಲ್ಲ. ದಪ್ಪ ಸದ್ದು ಬಹಳ ವರ್ಷ ಉಳಿಯತ್ತಂತೆ. ತೆಳ್ಳಗಿರೋದು ಮೊದಲು ಹೋಗತ್ತಂತೆ. ಕೆಂಪು ಕಾರಲ್ಲಿ ಇವಳು ಏನೋ ಹೇಳ್ತಾನೇ ಇದ್ಲು. ತುಟಿ ಆಡ್ತಿರೋದು ಕಾಣತ್ತೆ, ದನಿ ಇಲ್ಲ. ನಾನು ಸುಮ್ನೆ ತಲೆ ಆಡಿಸ್ದೆ. ಎಂಜಿನ್ನು ಕೊನೇವರ್ಗೂ ಕೇಳ್ಸತ್ತಮ್ಮ. ಇವಳ ದನಿನೇ ಮೊದಲು ಹೋಗೋದು."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಏನಾದರೂ ಆಡಬೇಕಲ್ಲ ಎಂದು, "ಬೂದು ಕಾರಲ್ಲಿ ಏನ್ ಹೇಳಿದ್ರು ಅತ್ತೆ?" ಎಂದೆ.

"ಏನಿಲ್ಲ. ಮೋಡ ಆಗಿದೆ, ಮಹಡಿ ಮೇಲೆ ಬಟ್ಟೆ ಹಾಕಿ ಬಂದಿದೀನಿ, ಬೇಗ ಹೋಗೋಣ ಅಂದ್ಲು. ಆಮೇಲೆ ಅವಳ ತಂಗಿ ಮನೆ ಸುದ್ದಿ. ಒಂದಕ್ಷರ ಬಿಡದೆ ಕೇಳಿಸ್ತು. ಅದಕ್ಕೇ ಇನ್ನೊಂದು ಸುತ್ತು ಹೋಗಿದ್ದು."