ಗದಿಗೆಮ್ಮನ ವಾರಸುದಾರರು

ಸತ್ತವರಿಗೆ ಸಹಿ ಹಾಕಲು ಬರುವುದಿಲ್ಲ ಎಂಬ ಸಣ್ಣ ಸಂಗತಿ ಕಾನೂನು ಬರೆದವರಿಗೆ ಹೊಳೆಯದೇ ಹೋದದ್ದೇ ಕಲ್ಯಾಣಪ್ಪನವರ ಆ ದಿನದ ಫಜೀತಿಗೆಲ್ಲ ಮೂಲ.

ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದ ಅವರಿಗೆ ಕನ್ನಡ ವಾಚನಾಲಯದ ಕಪಾಟಿನಲ್ಲಿ ಒಂದು ಕೈಬರಹದ ಪುಸ್ತಕ ಸಿಕ್ಕಿತ್ತು. ೧೯೦೮ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ನುಂಗಿದಾಗ, ಬೇಗಂ ಬಜಾರಿನ ಗದಿಗೆಮ್ಮ ಎಂಬಾಕೆ ಕಂಡದ್ದನ್ನೆಲ್ಲ ಬರೆದಿಟ್ಟಿದ್ದಳು. ಗಂಡನ ಹೆಸರು ಹೇಳಬಾರದೆಂಬ ರಿವಾಜು ನೋಡಿ, ಪುಸ್ತಕದ ಉದ್ದಕ್ಕೂ ಗಂಡ ಬರೀ ‘ಇವರು’. ಕಲ್ಯಾಣಪ್ಪನವರು ಮೂರು ತಿಂಗಳು ಕೂತು ಅಷ್ಟನ್ನೂ ನಕಲು ಮಾಡಿಕೊಂಡಿದ್ದರು. ಪುಟ ತಿರುವಿದರೆ ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಇನ್ನೆರಡು ಮಳೆಗಾಲ ಕಳೆದರೆ ಗದಿಗೆಮ್ಮ ಪೂರ್ತಿ ಹುಳದ ಹೊಟ್ಟೆ ಸೇರುವುದು ಖಂಡಿತ. ಅಷ್ಟರೊಳಗೆ ಅಚ್ಚು ಹಾಕಿಸಲೇಬೇಕೆಂದು ಹೋದರೆ, ಗ್ರಂಥಪಾಲ ಅಮರೇಶಪ್ಪ ತಲೆ ಅಲ್ಲಾಡಿಸಿದರು.

“ನಕಲು ಮಾಡ್ಕೊಳ್ರಿ, ಬೇಕಾದ್ರ ಬಾಯಿಪಾಠ ಮಾಡ್ರಿ. ಅಚ್ಚು ಮಾತ್ರ ಹಾಕಬ್ಯಾಡ್ರಿ. ವಾರಸುದಾರರ ಅನುಮತಿ ಬೇಕು.”

“ಆಕಿ ಎಂದೋ ಮಣ್ಣಾಗ್ಯಾಳಲ್ರೀ!”

“ಮಣ್ಣಾದ್ರೇನಾತು? ಆಕಿ ಬರದದ್ದು ಒಮ್ಮೆಯೂ ಅಚ್ಚಾಗಿಲ್ಲ. ಅಚ್ಚಾದ ಮ್ಯಾಲ ಅರವತ್ತು ವರ್ಷ ಎಣಸ್ತಾರ. ಅಲ್ಲೀತನ ಹಕ್ಕು ಮುಗಿಯಂಗೇ ಇಲ್ಲ.”

“ಅಂದ್ರ ಅಚ್ಚಾದ್ರಷ್ಟ ಹಕ್ಕು ಮುಗೀತೈತಿ, ಹಕ್ಕು ಮುಗಿಯೋತನ ಅಚ್ಚು ಹಾಕಂಗಿಲ್ಲ! ಯಾವ ಶ್ಯಾಣ್ಯಾ ಬರದಾನ್ರೀ ಈ ಕಾನೂನು?”

“ನಾ ಅಂತೂ ಬರದಿಲ್ರಿ. ವಾರಸುದಾರರು ಒಬ್ಬರಾದ್ರೂ ಬರದು ಕೊಟ್ರ ನನಗ ಸಾಕು.”

ಮೆಹದಿಪಟ್ಟಣಂ ಬಸ್ಸಿನಲ್ಲಿ ಕೂತ ಕಲ್ಯಾಣಪ್ಪನವರಿಗೆ ಮೈಯೆಲ್ಲ ಉರಿಯುತ್ತಿತ್ತು. ಸತ್ತವಳ ಹಕ್ಕನ್ನು ಕಾಯಲು ಕಾನೂನಿದೆ, ಸತ್ತವಳ ಮಾತನ್ನು ಕಾಯಲು ಯಾರೂ ಇಲ್ಲ! ಮನೆಗೆ ಬಂದವರೇ ದಿಲ್ಲಿ ಸರ್ಕಾರಕ್ಕೆ ಒಂದು ಮನವಿ ಗೀಚಿದರು: ಬರೆದವರು ಸತ್ತು ಅರವತ್ತು ವರ್ಷ ಕಳೆದ ಮೇಲೆ, ಅಚ್ಚಾಗದಿದ್ದರೂ ಸರಿ, ವಾರಸುದಾರರ ಹಕ್ಕು ರದ್ದಾಗಬೇಕು, ಬರಹ ಎಲ್ಲರದಾಗಬೇಕು.

ಮೊದಲ ಸಹಿ ಮನೆಯಿಂದಲೇ ಆಗಲಿ ಎಂದು ಹೆಂಡತಿಯನ್ನು ಕರೆದರು. ಉಮಾಬಾಯಿ ಆಗ ನಡುಮನೆಯ ಗೋಡೆಯ ಮೇಲಿದ್ದ ರುಮಾಲು ಸುತ್ತಿದ ಹಿರಿಯರೊಬ್ಬರ ಫೋಟೋ ಒರೆಸುತ್ತಿದ್ದರು. ಅದು ಉಮಾಬಾಯಿಯವರ ಮುತ್ತಜ್ಜ. ಮೂಸಿಯ ಮಹಾಪೂರದಲ್ಲಿ ನಲವತ್ತು ಜೀವ ಉಳಿಸಿದ ಶೂರ. ಈ ಕತೆಯನ್ನು ಕಲ್ಯಾಣಪ್ಪನವರು ಮದುವೆಯಾದಂದಿನಿಂದ ವಾರಕ್ಕೆರಡು ಸಲ ಕೇಳಿದ್ದರಿಂದ ಈಗೀಗ ಅದು ಅವರ ಕಿವಿಗೇ ಬೀಳುತ್ತಿರಲಿಲ್ಲ. ಉಮಾಬಾಯಿ ಗ್ಯಾಸಿನವನ ಚೀಟಿಗೆ ಹಾಕುವಂತೆ, ಓದದೆಯೇ ಸಹಿ ಹಾಕಿ ಮತ್ತೆ ಒರೆಸತೊಡಗಿದರು.

ಇನ್ನುಳಿದ ಸಹಿಗಳಿಗಾಗಿ ಕಲ್ಯಾಣಪ್ಪನವರು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಎರಡು ಸಾಲು ಹಾಕಿದರು: ‘ಬೇಗಂ ಬಜಾರಿನ ಗದಿಗೆಮ್ಮನ ನೂರು ವರ್ಷದ ಹಳೆಯ ಕಾಗದಪತ್ರ ಸಿಕ್ಕಿದೆ. ವಾರಸುದಾರರ ಹಕ್ಕಿನ ವಿಷಯ. ಸಹಿಗಾಗಿ ಬನ್ನಿ.’

ಹೈದರಾಬಾದಿನಲ್ಲಿ ಹಳೆಯ ಕಾಗದ, ವಾರಸುದಾರ ಎಂಬೆರಡು ಮಾತು ಒಟ್ಟಿಗೆ ಆಡಬಾರದು. ಆಡಿದರೆ ಮೂರನೆಯ ಮಾತು ಜಮೀನು! ನಾಲ್ಕು ಗಂಟೆಗೆ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೈಯಲ್ಲೆಲ್ಲ ಆಧಾರ್ ಜೆರಾಕ್ಸು. ಎದುರು ಮನೆಯ ರವಿಕಿರಣ ಎಲ್ಲರಿಗಿಂತ ಮುಂದೆ.

“ಅಂಕಲ್, ಗದಿಗೆಮ್ಮ ನಮ್ಮ ತಾತನ ಸ್ವಂತ ಅಮ್ಮಮ್ಮ ರಿ. ಎಷ್ಟು ಎಕರೆ ಐತಿ?”

“ಎಕರೆ ಅಲ್ಲಪಾ, ಪುಸ್ತಕ!”

“ಪಹಣಿ ಪುಸ್ತಕ ಏನ್ರಿ?” ಎಂದಿತು ಹಿಂದಿನಿಂದ ಒಂದು ದನಿ.

ಹೇಳಿದ್ದನ್ನು ಯಾರು ಕೇಳುತ್ತಾರೆ? ಹದಿನೇಳು ಜನ ನಾ ಮುಂದು ತಾ ಮುಂದು ಎಂದು ಸಹಿ ಹಾಕಿದರು. ಒಳಗೆ ಉಮಾಬಾಯಿ ಮೂರನೆಯ ಸಲ ಚಹಾ ಇಟ್ಟರು. ಆಮೇಲೆ ರವಿಕಿರಣ ಕಾಗದವನ್ನು ನಿಧಾನವಾಗಿ ಓದಿ ಚೇಳು ಕಡಿದವನಂತೆ ಕೂಗಿದ.

“ವಾರಸುದಾರರ ಹಕ್ಕು ರದ್ದು? ನಮ್ಮ ಕೈಯಿಂದ ಸಹಿ ಹಾಕಿಸ್ಕೊಂಡು ನಮಗs ಟೋಪಿ ಹಾಕ್ತೀರೇನು?”

ಹಾಕಿದ್ದಕ್ಕಿಂತ ಬೇಗ ಹದಿನೇಳೂ ಸಹಿಗಳು ಅಡ್ಡಗೀಟು ಬಿದ್ದು ಮಲಗಿದವು. ಉಳಿದದ್ದು ಉಮಾಬಾಯಿಯವರದೊಂದೇ.

ಕಲ್ಯಾಣಪ್ಪನವರ ತಾಳ್ಮೆ ಹರಿಯಿತು. “ವಾರಸುದಾರರಂತ ವಾರಸುದಾರರು! ಆ ಮುದುಕಿ ಹೆಸರು ಮುಂಜಾನಿತನ ಒಬ್ಬರಾದ್ರೂ ಕೇಳಿದ್ರೇನು? ಹೇಳ್ರಿ ನೋಡೋಣು, ಮಹಾಪೂರದಾಗ ಮರ ಹತ್ತಿ ಕುಂತಾಗ ಆಕಿ ಕೈಯಾಗ ಏನಿತ್ತು?”

“ಬಂಗಾರದ ಡಬ್ಬಿ!” “ಜಮೀನಿನ ಪಟ್ಟಾ!” “ಕೂಸು!”

“ಕಡಗೋಲು,” ಎಂದಿತು ಅಡಿಗೆಮನೆ.

ಎಲ್ಲರೂ ತಿರುಗಿ ನೋಡಿದರು. ಉಮಾಬಾಯಿ ಕೈಯಲ್ಲಿ ಚಹಾದ ಸೋಸಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ನಮ್ಮ ದೊಡ್ಡವ್ವ ರಿ, ಮುತ್ತಜ್ಜನ ಹೇಣ್ತಿ. ಮಜ್ಜಿಗಿ ಕಡಿಯೋವಾಗ ನೀರು ಬಂತಂತ, ಹಂಗs ಕಡಗೋಲು ಹಿಡಕೊಂಡು ಹುಣಸಿಮರ ಹತ್ತಿದ್ಲಂತ. ಅದು ಇನ್ನೂ ನಮ್ಮ ಅಡಿಗಿಮನ್ಯಾಗ ಐತಿ. ಹೆಸರು ಮಾತ್ರ ನಮಗ್ಯಾರಿಗೂ ಗೊತ್ತಿದ್ದಿಲ್ಲ.”

ಜಮೀನಿಲ್ಲದ್ದು ಖಾತ್ರಿಯಾಗಿ ಜನ ಕರಗಿದರು. ಪುಸ್ತಕದಲ್ಲಿದ್ದದ್ದೂ ಕಡಗೋಲೇ; ಕಲ್ಯಾಣಪ್ಪನವರಿಗೆ ಕುಣಿಯುವಷ್ಟು ಸಂತೋಷ. ಊರೆಲ್ಲ ಹುಡುಕಬೇಕಾದ ವಾರಸುದಾರಳು ತಮ್ಮದೇ ಒಲೆಯ ಮುಂದೆ!

“ಒಂದು ಚೀಟಿ ಬರದು ಕೊಡು, ಸಾಕು. ನಾಳೆನs ಅಚ್ಚಿಗೆ ಕೊಡ್ತೀನಿ.”

“ಕೊಡೂಣಂತ್ರಿ,” ಎಂದ ಉಮಾಬಾಯಿ ಫೋಟೋದತ್ತ ಹೆಮ್ಮೆಯಿಂದ ನೋಡಿದರು. “ನಮ್ಮ ಮುತ್ತಜ್ಜನ ಬಗ್ಗೆ ಏನು ಬರದಾಳ, ಓದ್ರಿ.”

ಕಲ್ಯಾಣಪ್ಪನವರು ಉತ್ಸಾಹದಲ್ಲಿ ಓದಿಯೇ ಬಿಟ್ಟರು: “‘ನೀರು ಹೊಸ್ತಿಲು ದಾಟಿತು. ಇವರು ನಲವತ್ತು ಮೂಟೆ ಬೆಲ್ಲವನ್ನು ಒಂದೊಂದಾಗಿ ಮಾಳಿಗೆಗೆ ಏರಿಸಿದರು. ನಾನು ಮರದ ಮೇಲಿಂದ ಕೂಗಿದೆ. ಬಂದೆ ಬಂದೆ ಎಂದರು. ಮೂರನೆಯ ದಿನ ಬಂದರು.’”

ನಲವತ್ತು ಎಂಬ ಮಾತು ಆಗ ಅವರ ಕಿವಿಗೂ ಬಿತ್ತು. ತಡವಾಗಿತ್ತು.

ಉಮಾಬಾಯಿ ಪೆನ್ನು ತೆಗೆದುಕೊಂಡು ಮನವಿಯ ಮೇಲಿನ ತಮ್ಮ ಸಹಿಗೆ ಎರಡೆರಡು ಸಲ ಗೀಟು ಹೊಡೆದರು. ಕೆಳಗೆ ಅಮರೇಶಪ್ಪನವರಿಗೆಂದೇ ಗುಂಡಗೆ ಬರೆದರು: ‘ವಾರಸುದಾರಳು ನಾನು. ಅನುಮತಿ ಇಲ್ಲ.’

“ಅಲ್ಲ, ಆಕಿನೂ ನಿಮ್ಮಾಕಿನs ಅಲ್ಲೇನು? ಮೂರು ದಿನ ಮರದ ಮ್ಯಾಲ ಕುಂತಾಕಿ ಮಾತು ಹುಳ ತಿಂದು ಹೋಗಬೇಕೇನು?” ಕಲ್ಯಾಣಪ್ಪನವರು ನಕಲು ಪುಸ್ತಕವನ್ನು ಅವರ ಮುಂದೆ ಹಿಡಿದರು.

“ಕಾನೂನು ಐತೆಲ್ರಿ,” ಎಂದು ಉಮಾಬಾಯಿ ಅಡಿಗೆಮನೆಗೆ ನಡೆದರು.

ಸಂಜೆ ರವಿಕಿರಣ ಬಿಟ್ಟುಹೋದ ಜೆರಾಕ್ಸು ಒಯ್ಯಲು ಬಂದವನು ಸುಮ್ಮನೆ ಫೋಟೋ ನೋಡಿ, “ಇವರು ಯಾರು ಆಂಟಿ?” ಎಂದ. ಉಮಾಬಾಯಿ ಮಜ್ಜಿಗೆ ಕಡಿಯುವುದನ್ನು ಬಿಟ್ಟು ಹೊರಗೆ ಬಂದರು.

“ನಮ್ಮ ಮುತ್ತಜ್ಜಪಾ. ಮಹಾಪೂರದಾಗ ಐವತ್ತು ಮಂದಿ ಜೀವ ಉಳಿಸ್ಯಾರ.”

ಕಲ್ಯಾಣಪ್ಪನವರು ಬಾಯಿ ತೆರೆದರು. ಉಮಾಬಾಯಿ ಅವರತ್ತ ತಿರುಗಿ ನೋಡಿದರು. ಕೈಯಲ್ಲಿ ಕಡಗೋಲು ಹಾಗೆಯೇ ಇತ್ತು. ಕಲ್ಯಾಣಪ್ಪನವರು ಬಾಯಿ ಮುಚ್ಚಿದರು.