ಹತ್ತನೇ ತಾರೀಖಿನ ಹತ್ತು ಪಾಳಿ

ನಮ್ಮೂರ ನೀರು ಬಳಕೆದಾರರ ಸಂಘದಲ್ಲಿ ಕಂಪ್ಯೂಟರ್ ತಿಳಿದವನು ನಾನೊಬ್ಬನೇ. ಕೆಂಭಾವಿಯಲ್ಲಿ ಮೂರು ತಿಂಗಳು ಕಲಿತು ಬಂದವನು! ಕಾಲುವೆ ನೀರು ಯಾರ ಹೊಲಕ್ಕೆ ಯಾವ ದಿನ ಎಂಬ ಪಾಳಿ ಪಟ್ಟಿಯನ್ನು ಡೇಟಾಬೇಸಿನಿಂದ ತೆಗೆದು ಗೋಡೆಗೆ ಅಂಟಿಸುವುದು ನನ್ನ ಘನ ಜವಾಬ್ದಾರಿ. ಒಬ್ಬರಿಗೆ ಒಂದು ಇಡೀ ದಿನ.

ಆ ಅಕ್ಟೋಬರಿನಲ್ಲಿ, ಕಾಲುವೆ ಬಂದ್ ಆಗುವ ಮುಂಚಿನ ಕೊನೆಯ ಸುತ್ತಿಗೆ, ಒಂದರಿಂದ ಹತ್ತನೇ ತಾರೀಖಿನವರೆಗೆ ಹತ್ತು ಮಂದಿಯ ಪಾಳಿಗೆ, ವರದಿಯನ್ನು ಅಂದಗೊಳಿಸುವ ಮನಸ್ಸಾಯಿತು. ತಾರೀಖಿನಲ್ಲಿ ವರ್ಷ ದಂಡ ಎನಿಸಿತು, ತೆಗೆದೆ. ತಿಂಗಳು ಮೊದಲು ಬಂದರೆ ಶಿಸ್ತು ಎನಿಸಿತು, ಹಾಗೇ ಮಾಡಿದೆ. ನಾಲ್ಕನೇ ತಾರೀಖು 10/4 ಆಯಿತು. ಕೊನೆಯದು ನಮ್ಮದೇ ಪಾಳಿ, 10/10. ಎಷ್ಟು ಚೆಂದ!

ಒಂಬತ್ತು ದಿನ ಒಂದೂ ತಕರಾರು ಬರಲಿಲ್ಲ. "ನೋಡು, ಪಟ್ಟಿ ಅಂದ್ರ ಹಿಂಗಿರಬೇಕು" ಎಂದು ಹೆಂಡತಿ ಮಲ್ಲಮ್ಮನೆದುರು ಮೀಸೆ ತಿರುವಿದೆ.

ಹತ್ತರ ಬೆಳಿಗ್ಗೆ ಸಲಿಕೆ ಹಿಡಿದು ಇಬ್ಬರೂ ತೂಬಿಗೆ ಹೋದೆವು. ಅಲ್ಲಿ ಆಗಲೇ ಒಂಬತ್ತು ಸಲಿಕೆಗಳು ನಿಂತಿದ್ದವು!

"ಏನೋ ಬಸಣ್ಣ," ಎಂದರು ಕಾಲುವೆಯ ಕೊನೆಗೆ ಹೊಲವಿರುವ ಖಾಜಾ ಚಾಚಾ, "ಎಲ್ಲಾರಿಗೂ ಹತ್ತನೇ ತಾರೀಖೇ ಹಾಕೀದಿ. ನನಗ ನಾಲ್ಕನೇ ತಾಸು. ನೀರು ಕಮ್ಮಿ ಬಿಟ್ಟಿರಬೇಕಂತ ಸುಮ್ಮನಿದ್ವಿ. ಆದ್ರ ಒಂದ್ ತಾಸಿನ್ಯಾಗ ಏನ್ ನೆನಿತದ? ನೆಲ್ಲು ತೆನಿ ಕಟ್ಟಾಕತ್ತದ."

"ಚಾಚಾ, ಹತ್ತು ಅಂದ್ರ ತಿಂಗಳು. ನಾಲ್ಕು ತಾರೀಖು. ನಿಮ್ಮ ಪಾಳಿ ಮುಗದು ಆರ್ ದಿನ ಆತು."

"ಹಂಗಾದ್ರ ಇಷ್ಟು ದಿನದ ನೀರು?"

ಹಳ್ಳಕ್ಕೆ ಹೋಗಿತ್ತು. ನಾನು ಮೀಸೆ ತಿರುವುತ್ತಿದ್ದಾಗ!

"ಖರೇ ಇವತ್ತಿನ ಪಾಳಿ ಯಾರದು?" ಎಂದು ಯಾರೋ ಕೇಳಿದರು.

"ನಮ್ಮದು" ಎಂದೆ. ಎಲ್ಲರೂ ನನ್ನನ್ನು ನೋಡಿದರು. ಯಾರೂ ಬೈಯಲಿಲ್ಲ. ಚಾಚಾ ಸಲಿಕೆ ಊರಿ ಕುಳಿತುಬಿಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಮಲ್ಲಮ್ಮ ಸಲಿಕೆ ಕೆಳಗಿಟ್ಟು ಅವರತ್ತ ತಿರುಗಿದಳು. "ನೀವು ತಿಳ್ಕೊಂಡಂಗೇ ಆಗಲಿ. ಒಬ್ಬೊಬ್ಬರು ಒಂದೊಂದ್ ತಾಸು ಬಿಟ್ಕೋರಿ."

"ಮತ್ತ ನಮಗ?" ಎಂದೆ ಮೆಲ್ಲಗೆ.

"ನಿಮ್ಮ ಪಟ್ಟಿ ನೋಡ್ರಿ. ಹತ್ತನೇ ತಾಸು!"

ಒಂಬತ್ತನೇ ತಾಸು ಮುಗಿಯುವಷ್ಟರಲ್ಲಿ ಸಂಜೆಯಾಗಿ, ಕಾಲುವೆ ಬಂದ್ ಮಾಡಲು ಗೇಟು ಇಳಿಸಿಬಿಟ್ಟರು.

ಚಾಚಾನ ನೆಲ್ಲು ಹೇಗೋ ಉಳಿಯಿತು. ನಮ್ಮದು ಜೊಳ್ಳಾಯಿತು. ರಾಶಿ ಮುಗಿದ ಮೇಲೆ ಚಾಚಾ ನಮ್ಮ ಮನೆಗೆ ಒಂದು ಚೀಲ ಅಕ್ಕಿ ಕಳಿಸಿದರು. ಚೀಲದ ಮೇಲೆ ಇದ್ದಿಲಿನಿಂದ ತಾರೀಖು ಬರೆದಿತ್ತು. ಅಂಕಿಯಲ್ಲಲ್ಲ, ಅಕ್ಷರದಲ್ಲಿ, ತಿಂಗಳ ಹೆಸರೂ ಸೇರಿ. ನನಗೆ ತಿಳಿಯಲೆಂದು!