ಒಡೀಲಾರದ ಬಳಿ

ನಾ ಗರಗಸ ಹಿಡದ್ನಂದ್ರ ಏನಾರೆ ಒಂದು ನಗಿಪಾಟಲ ಆಗಲೇಬೇಕು. ಯಾವ ಘಳಿಗ್ಯಾಗ ಹುಟ್ಟೀನೋ ಏನೋ! ಎರಡನೇ ಜಾಗತಿಕ ಲಡಾಯಿ ಮುಗಿದ ಮ್ಯಾಲ ವಾಡಿ ಟೇಸನ್ ಹೊರಗ ಗುಜರಿಯವನೊಬ್ಬ ದಂಡಿನ ಮುರುಕು ಸಾಮಾನು ಮಾರ್ಲಿಕತ್ತಿದ್ದ. ಅದರಾಗ ಗಾಜಿನಂಥ ಕೊಳವಿ ಇದ್ದವು. ಕಲ್ಲಿಗಿ ಒಗದ್ರೂ ಒಡೀಲಿಲ್ಲ. ಈಗ ಅದಕ್ಕ ಅಕ್ರಿಲಿಕ್ ಅಂತಾರ. ಸಣ್ಣವು, ದಪ್ಪವು ಎಲ್ಲಾ ಹೊತ್ತು ಶಹಾಬಾದಿನ ನಮ್ಮ ಮನಿಗಿ ತಂದೆ.

ತರ್ಲಿಕ್ಕೆ ಕಾರಣ ಇತ್ತು. ಚಿತ್ತಾಪುರದ ಬಳಿಗಾರನ ಮಗಳನ್ನ ನನಗ ನೋಡಿದ್ರು. ಹುಡುಗಿ ಭಾಳ ಮನಸ್ಸಿಗಿ ಬಂದಿದ್ಲು. ಆದ್ರ ಆಕಿ ಅಪ್ಪ, "ಹುಡುಗನ ಕೈಯಾಗ ಏನು ಹುನ್ನರ, ಏನು ಕಸಬು ಅದ, ತೋರಿಸ್ಲಿ. ಆಮ್ಯಾಲ ಲಗ್ನದ ಮಾತು" ಅಂದುಬಿಟ್ಟಿದ್ದ.

೧. ಒಲಿ ಊದೂದು

ಅವಸರಲೆ ಗರಗಸ ಎಳದ್ರ ಕೊಳವಿ ಕಾದು, ಕೊಯ್ದಿದ್ದು ಮತ್ತ ಅಂಟಿಕೊಳ್ತಿತ್ತು. ನೀರು ಹನಿಸ್ಕೋತ ನಿಧಾನ ಕೊಯ್ಬೇಕು. ಅಂಚು ಪರಸಿ ಕಲ್ಲಿನ ಮ್ಯಾಲ ತಿಕ್ಕಿ, ಬೂದಿ-ಎಣ್ಣಿ ಹಚ್ಚಿ ಒರಸಿದ್ರ ಫಳಫಳ. ಮೊದಲನೇದು ಅವ್ವಗ ಕೊಟ್ಟೆ, ಒಲಿ ಊದ್ಲಿಕ್ಕೆ. ಸಂಜಿ ಆಗೂದ್ರಾಗ ಅದು ಬೆಂಕಿ ಕಾವಿಗಿ ನಾಯಿ ಬಾಲದಂಗ ಡೊಂಕಾಗಿತ್ತು.

"ಒಡ್ಯಂಗಿಲ್ಲ ಅಂದಿದ್ದೆಲ್ಲೋ, ಖೋಡಿ?"

"ಒಡದದೇನವ್ವಾ? ನೋಡು ಬೇಕಾದ್ರ."

"ಹೂಂ, ಇದ್ರಲೆ ಊದಿದ್ರ ಮಗ್ಗಲ ಮನಿ ಒಲಿ ಉರೀತದ!"

೨. ಹುಕ್ಕಾದ ನಳಿಗಿ

ಎದುರು ಮನಿ ದರ್ಜಿ ಚಾಚಾಗ ಹಕೀಮರು ತಂಬಾಕ ಬಿಡು ಅಂದಿದ್ರು. "ಖಾಲಿ ಹುಕ್ಕಾ ಗುಡುಗುಡು ಮಾಡ್ತೀನಿ, ತಂಬಾಕ ಇಲ್ಲ" ಅಂತ ಚಾಚಾ ಹೆಂಡತಿ ಮುಂದ ಆಣಿ ಮಾಡ್ತಿದ್ದ. ಚಾಚಿ ನಂಬವಲ್ಲಳು. ಪಾಪ ಅನಿಸಿ, ನಾನೇ ಒಂದು ಕೊಳವಿ ಕೊಯ್ದು, ನುಣ್ಣಗ ತಿಕ್ಕಿ ಹುಕ್ಕಾಕ್ಕ ನಳಿಗಿ ಮಾಡಿಕೊಟ್ಟೆ.

"ಚಾಚಾ, ಇನ್ನ ಚಿಂತಿಲ್ಲ. ಒಳಗ ಹೊಗಿ ಅದನೋ ಇಲ್ಲೋ ಚಾಚಿಗಿ ಅಡಗಿಮನ್ಯಾಗಿಂದ್ಲೇ ಕಾಣತದ."

ಚಾಚಾ ನಳಿಗಿ ತಿರುವಿ ಮುರುವಿ ನೋಡಿದ. "ಹುನ್ನರ ಛಲೋ ಅದ, ಬೇಟಾ. ಮ್ಯಾಲ ಒಂದಿಷ್ಟು ಡಾಂಬರ ಬಳದು ಕೊಡು."

೩. ಚಿತ್ತಾಪುರದಾಗ

ದಪ್ಪ ಕೊಳವಿ ಅಡ್ಡ ಕೊಯ್ದ್ರ ಬಳಿನೇ ಆಗ್ತದ! ಛಂದಗ ತಿಕ್ಕಿ, ಒಂದು ಬಳಿ ಮಾಡ್ಕೊಂಡು ಚಿತ್ತಾಪುರಕ್ಕ ಹೋದೆ. ಹುಡುಗಿ ಅವ್ವ, "ಅಯ್ಯ, ಎಷ್ಟು ನುಣ್ಣಗ ಅದರಿ!" ಅಂತ ಕೈ ಚಾಚಿದ್ಲು. ಮೈಕೈ ತುಂಬಿದ ಹೆಣ್ಮಗಳು. ಬಳಿಗಾರ ತನ್ನ ಕಸಬು ತೋರಿಸಿ, ಆಕಿ ಕೈ ಒತ್ತಿ ಹಿಚುಕಿ ಬಳಿ ಏರಿಸೇಬಿಟ್ಟ.

"ಮಾವಾರ, ಇದು ಜಲ್ಮದಾಗ ಒಡ್ಯಂಗಿಲ್ಲರಿ" ಅಂದೆ, ಎದಿ ಉಬ್ಬಿಸಿ.

ಬಳಿಗಾರನ ಮಾರಿ ಕಪ್ಪಿಟ್ಟಿತು. "ಬಳಿ ಒಡೀಲಿಲ್ಲಂದ್ರ ನಾ ಏನು ಮಣ್ಣು ತಿನ್ಲೇನು? ತಗೀ ಅದನ್ನ! ಲಗ್ನದ ಮಾತು ಇಲ್ಲಿಗಿ ಮುಗೀತು!"

ತಗೀಲಿಕ್ಕೆ ಹೋದ್ರ ಬಳಿ ಬರವಲ್ದು. ಎಣ್ಣಿ ಹಚ್ಚಿದ್ರು, ಸಾಬಾಣ ಹಚ್ಚಿದ್ರು. ಬಳಿಗಾರ ಗುಂಡಕಲ್ಲಿಲೆ ಕುಟ್ಟಿದ. ಬಳಿಗೇನೂ ಆಗಲಿಲ್ಲ, ಹೆಂಡತಿ ಚೀರಿದ್ದಕ್ಕ ಓಣಿ ಮಂದಿ ಎಲ್ಲಾ ಕೂಡಿದ್ರು.

ಕಡಿಗಿ ಚೀಲದಾಗಿನ ಗರಗಸ ತಗದೆ. ಕೈಗಿ ತಾಗಬಾರದಂತ ಬಳಿ ಕೆಳಗ ಒಂದು ಚರ್ಮದ ಪಟ್ಟಿ ತೂರಿಸಿ, ಅದರ ತುದಿ ನನ್ನ ಹಲ್ಲಾಗ ಬಿಗಿಹಿಡದೆ. ಒಂದು ಕೈಲೆ ಆಕಿ ಕೈ, ಇನ್ನೊಂದು ಕೈಲೆ ಗರಗಸ. ಹುಡುಗಿ ನಗಿ ತಡೀಲಿಕ್ಕೆ ಸೆರಗು ಬಾಯಿಗಿ ಒತ್ತಿಕೊಂಡು ಗರಗಸಕ್ಕ ನೀರು ಹನಿಸ್ಲಿಕತ್ತಿದ್ಲು. ಆಕಿ ಅವ್ವ ಮಾತ್ರ ಬೈಗುಳ ಸುರು ಹಚ್ಚಿದ್ಲು: "ಕ್ವಾತಿ ಮಾರ್ಯಾವನ! ನಿನ್ನ ಕೈ ಸೇದಿಹೋಗ್ಲಿ! ನಿಮ್ಮವ್ವ ಏನು ತಿಂದು ಹಡದಾಳೋ ನಿನ್ನ!" ನಮ್ಮವ್ವನ ತನಕ ಹೋದಾಗ ನನಗ ಮೈ ಉರದುಹೋಯ್ತು. ಆದ್ರ ಬಾಯಿ ಬಿಟ್ರ ಪಟ್ಟಿ ಸರೀತದ, ಗರಗಸ ಕೈಗಿ ಇಳೀತದ. ಒಂದೊಂದು ಬೈಗುಳಕ್ಕೂ ಒಂದೊಂದು ಉತ್ತರ ಮನಸಿನಾಗೇ ಕೂಡಿಸಿಟ್ಟೆ.

ಬಳಿ ಟಕ್ಕಂತ ತುಂಡಾಯ್ತು. ಆಕಿ ಕೈ ತಿಕ್ಕೋತ ಗಂಡನ ಕಡಿ ತಿರುಗಿದ್ಲು.

"ನಿಮ್ಮ ಹುನ್ನರಕ್ಕ ಬೆಂಕಿ ಹಚ್ಚರಿ! ಇಷ್ಟು ಬೈದ್ರೂ ಒಂದು ಎದುರು ಮಾತು ಆಡ್ಲಿಲ್ಲ ನೋಡ್ರಿ ಈ ಹುಡುಗ. ಇಂಥಾ ಅಳಿಯ ಹುಡುಕಿದ್ರ ಸಿಗ್ತಾನೇನು? ಈ ವಾರದಾಗೇ ಲಗ್ನ ಮಾಡ್ರಿ!"

ನಾ ಹಲ್ಲಾಗಿನ ಪಟ್ಟಿ ತಗದು, ಕೂಡಿಸಿಟ್ಟಿದ್ದ ಉತ್ತರ ಎಲ್ಲಾ ಗಟಗಟ ನುಂಗಿ, "ಹೂಂ ಅತ್ತೇರ" ಅಂದೆ.